ಪ್ಯಾಕ್‌ಮ್ಯಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಆರ್ಕೇಡ್ (ಕಾಸು ಹಾಕಿ ಆಡುವ ಯಂತ್ರದ) ಪ್ಯಾಕ್‌ಮ್ಯಾನ್ ಆಡುತ್ತೇನೆ ಅಂತ ಗೊತ್ತಾದ ತಕ್ಷಣ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಬರೆದುಕೊಂಡಿದ್ದೇನೆ. ಆಟ ಇಷ್ಟೇ: ಪ್ಯಾಕ್‌ಮ್ಯಾನ್ ಅನ್ನೋ ದುಂಡನೆಯ ಬಾಯಿಯನ್ನು ಚಕ್ರವ್ಯೂಹದ ಓಣಿಗಳಲ್ಲಿ ಓಡಿಸಿ, ಬೆನ್ನಟ್ಟುವ ನಾಲ್ಕು ದೆವ್ವಗಳಿಗೆ ಸಿಗದೆ ಎಲ್ಲ ಚುಕ್ಕಿಗಳನ್ನು ತಿಂದರೆ ಒಂದು ಲೆವೆಲ್ ಮುಗಿಯುತ್ತದೆ. ಹೊಸಬರು ಮೇಲಿನಿಂದ ಓದಿ. ಐದಾರು ಲೆವೆಲ್ ದಾಟಿದವರು ನೇರ ಹಣ್ಣುಗಳ ವಿಷಯಕ್ಕೆ ಹೋಗಬಹುದು.

## ಶುರು ಮಾಡುವವರಿಗೆ

ಇದು ಯಾವ ಕಾಲದ ಆಟ? ಯಾರು ಮಾಡಿದ್ದು?

1980ರಲ್ಲಿ ಜಪಾನಿನ ನಾಮ್ಕೊ ಕಂಪನಿ ತಂದ ಆಟ. ವಿನ್ಯಾಸ ತೋರು ಇವತಾನಿ ಅವರದು. ಜಪಾನಿನಲ್ಲಿ ಮೊದಲಿಗೆ ಇದರ ಹೆಸರು ‘ಪಕ್‌ಮ್ಯಾನ್’ ಅಂತಿತ್ತು. ಅಮೆರಿಕದಲ್ಲಿ ಮಿಡ್‌ವೇ ಕಂಪನಿ ಬಿಡುಗಡೆ ಮಾಡುವಾಗ ಹೆಸರು ಬದಲಾಯಿತು. ಆ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರವನ್ನು ಯಾರಾದರೂ ಸ್ವಲ್ಪ ಕೆರೆದರೆ ಅದು ಬೈಗುಳವಾಗಿಬಿಡುತ್ತದೆ ಅನ್ನೋ ಭಯ! ಇಲ್ಲಿ ಹೇಳುವುದೆಲ್ಲ ಆ ಮೂಲ ಆರ್ಕೇಡ್ ಆಟದ ಬಗ್ಗೆ. ಮನೆಯ ಟಿವಿಗೆ, ಫೋನಿಗೆ ಬಂದ ಎಷ್ಟೋ ನಕಲುಗಳಲ್ಲಿ ದೆವ್ವಗಳು ಬೇರೆ ಥರ ಓಡುತ್ತವೆ. ಅಲ್ಲಿ ಈ ತಂತ್ರಗಳು ನಡೆಯದಿದ್ದರೆ ನನ್ನನ್ನು ಬೈಯಬೇಡಿ.

ಬಾಯಿ ತೆರೆದುಕೊಂಡು ಓಡೋದು ಬಿಟ್ಟರೆ ಇದರಲ್ಲಿ ಕಲಿಯೋಕೆ ಏನಿದೆ?

ಈ ಆಟದಲ್ಲಿ ಅದೃಷ್ಟ ಅನ್ನೋದೇ ಇಲ್ಲ. ದಾಳ ಹಾಕಿದ ಹಾಗೆ ಕಾಣುವ ಪ್ರತಿಯೊಂದರ ಹಿಂದೆಯೂ ಒಂದು ಲೆಕ್ಕ ಇದೆ. ದೆವ್ವ ಎಡಕ್ಕೆ ತಿರುಗಿತು ಅಂದರೆ ಅದಕ್ಕೆ ಕಾರಣ ಇದೆ, ಮುಂದಿನ ಸಲ ನೀವು ಅದೇ ಜಾಗದಲ್ಲಿ ಅದೇ ಹೊತ್ತಿಗೆ ಇದ್ದರೆ ಅದು ಮತ್ತೆ ಎಡಕ್ಕೇ ತಿರುಗುತ್ತದೆ. ಕಲಿಯೋಕಿರುವುದು ಆ ಲೆಕ್ಕವನ್ನೇ. ಕೈಚಳಕ ಬೇಕು ನಿಜ, ಆದರೆ ಜನ ಅಂದುಕೊಳ್ಳುವಷ್ಟಲ್ಲ.

ಯಾವುದಕ್ಕೆ ಎಷ್ಟು ಪಾಯಿಂಟ್?

ಸಣ್ಣ ಚುಕ್ಕಿ 240 ಇವೆ, ಒಂದಕ್ಕೆ 10. ಮೂಲೆಗಳ ಕಡೆ ಇರುವ ದೊಡ್ಡ ಚುಕ್ಕಿ ನಾಲ್ಕು, ಒಂದಕ್ಕೆ 50. ಅಂದರೆ ಚುಕ್ಕಿಗಳನ್ನು ಪೂರ್ತಿ ತಿಂದರೆ 2,600. ದೊಡ್ಡ ಚುಕ್ಕಿ ತಿಂದಾಗ ನೀಲಿಯಾಗುವ ದೆವ್ವಗಳಿಗೆ ಕ್ರಮವಾಗಿ 200, 400, 800, 1,600. ನಾಲ್ಕನ್ನೂ ತಿಂದರೆ 3,000. ನಾಲ್ಕು ದೊಡ್ಡ ಚುಕ್ಕಿಗೂ ಹೀಗೇ ಮಾಡಿದರೆ 12,000.

ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಚುಕ್ಕಿ ಮುಗಿಸಿ ಲೆವೆಲ್ ದಾಟಿದೆ ಅಂತ ಖುಷಿಪಡುವವರು 2,600 ತಗೊಂಡು 12,000 ಬಿಟ್ಟು ಬಂದಿದ್ದಾರೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ 10,000ಕ್ಕೆ ಒಂದು ಜೀವ ಜಾಸ್ತಿ ಸಿಗುತ್ತದೆ. ದೆವ್ವಗಳನ್ನು ಸರಿಯಾಗಿ ತಿಂದರೆ ಮೊದಲ ಲೆವೆಲ್‌ನಲ್ಲೇ ಅದು ಕೈಗೆ ಬರುತ್ತದೆ.

ನಾನು ಜಾಯ್‌ಸ್ಟಿಕ್ ತಿರುಗಿಸಿದರೂ ಪ್ಯಾಕ್‌ಮ್ಯಾನ್ ತಿರುಗೋದೇ ಇಲ್ಲ, ಯಾಕೆ?

ಮೊದಲು ಜಾಯ್‌ಸ್ಟಿಕ್ ನೋಡಿಕೊಳ್ಳಿ. ಮೂಲ ಯಂತ್ರದಲ್ಲಿ ಇದ್ದದ್ದು ನಾಲ್ಕೇ ದಿಕ್ಕಿನ ಕೋಲು. ಎಮ್ಯುಲೇಟರ್‌ನಲ್ಲಿ (ಹಳೆಯ ಯಂತ್ರವನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ತಂತ್ರಾಂಶ) ಎಂಟು ದಿಕ್ಕಿನದನ್ನು ಹಿಡಿದು ಆಡಿದರೆ ಓರೆಗೆ ಜಾರಿ, ಒತ್ತಿದ್ದು ಒಂದು, ಆಗುವುದು ಇನ್ನೊಂದು. ನಾನು ಇದೇ ಕಾರಣಕ್ಕೆ ಎರಡು ತಿಂಗಳು ನನ್ನ ಬೆರಳುಗಳನ್ನೇ ಬೈದುಕೊಂಡೆ.

ಎರಡನೆಯದು, ತಿರುವಿಗೆ ಬಂದ ಮೇಲೆ ಒತ್ತುವುದು. ತಿರುವಿಗಿಂತ ಸ್ವಲ್ಪ ಮೊದಲೇ ಒತ್ತಿ ಹಿಡಿಯಿರಿ. ಆಗ ಪ್ಯಾಕ್‌ಮ್ಯಾನ್ ಮೂಲೆಯನ್ನು ಓರೆಯಾಗಿ ಕತ್ತರಿಸಿಕೊಂಡು ಹೋಗುತ್ತದೆ. ದೆವ್ವಗಳಿಗೆ ಈ ಸೌಲಭ್ಯ ಇಲ್ಲ, ಅವು ತಿರುವಿನ ನಟ್ಟನಡುವೆ ಬಂದೇ ತಿರುಗಬೇಕು. ಒಂದೊಂದು ತಿರುವಿನಲ್ಲಿ ಉಳಿಯುವುದು ಮೂರು ನಾಲ್ಕು ಪಿಕ್ಸೆಲ್ ಅಷ್ಟೇ. ಆದರೆ ಬೆನ್ನಿಗೆ ಬಿದ್ದ ದೆವ್ವವನ್ನು ಬಿಡಿಸಿಕೊಳ್ಳೋಕೆ ಸಾಲು ಸಾಲು ತಿರುವುಗಳಿಗಿಂತ ಒಳ್ಳೆಯ ಜಾಗ ಇಲ್ಲ.

ಮೊದಲ ಲೆವೆಲ್‌ನಲ್ಲೇ ಎಲ್ಲ ಜೀವ ಕಳ್ಕೊಳ್ತೀನಿ. ಮೊದಲು ಏನು ಸರಿ ಮಾಡ್ಕೊಳ್ಳಲಿ?

ಓಡಿಹೋಗುವಾಗ ಚುಕ್ಕಿ ಇರುವ ಓಣಿಗೆ ನುಗ್ಗಬೇಡಿ. ಪ್ರತಿ ಚುಕ್ಕಿ ತಿನ್ನುವಾಗ ಪ್ಯಾಕ್‌ಮ್ಯಾನ್ ಒಂದು ಫ್ರೇಮ್, ಅಂದರೆ ಸೆಕೆಂಡಿನ 60ನೇ ಒಂದು ಭಾಗ, ನಿಂತುಬಿಡುತ್ತದೆ. ದೊಡ್ಡ ಚುಕ್ಕಿಗೆ ಮೂರು ಫ್ರೇಮ್. ಪೂರ್ತಿ ವೇಗ ನೂರು ಅಂದುಕೊಂಡರೆ, ಮೊದಲ ಲೆವೆಲ್‌ನಲ್ಲಿ ಖಾಲಿ ಓಣಿಯಲ್ಲಿ ನಿಮ್ಮ ವೇಗ 80, ದೆವ್ವದ್ದು 75, ಚುಕ್ಕಿ ತಿನ್ನುತ್ತಾ ಹೋದರೆ ನಿಮ್ಮದು ಸುಮಾರು 71. ಹಿಂದೆ ಬರುವ ದೆವ್ವ ಯಾಕೆ ಹತ್ತಿರ ಆಗ್ತಾ ಇದೆ ಅನ್ನೋದಕ್ಕೆ ಉತ್ತರ ಇದೇ. ಆಗಲೇ ತಿಂದು ಖಾಲಿ ಮಾಡಿದ ದಾರಿಗಳು ನಿಮ್ಮ ಹೆದ್ದಾರಿಗಳು. ಅವು ಎಲ್ಲಿವೆ ಅಂತ ನೆನಪಿಡಿ.

## ದೆವ್ವಗಳ ಬುದ್ಧಿ

ನಾಲ್ಕೂ ಸೇರಿಕೊಂಡು ಬಲೆ ಹಾಕ್ತವಾ? ಹಾಗೇ ಅನ್ಸುತ್ತೆ.

ಹಾಗೆ ಅನ್ನಿಸುವಂತೆ ಮಾಡಿದ್ದೇ ಈ ಆಟದ ಜಾಣತನ. ಅವು ಮಾತಾಡಿಕೊಳ್ಳುವುದಿಲ್ಲ. ತೆರೆಯನ್ನು 8 ಪಿಕ್ಸೆಲ್‌ನ ಸಣ್ಣ ಚೌಕಗಳಾಗಿ ಹಂಚಿದೆ. ಪ್ರತಿ ದೆವ್ವಕ್ಕೂ ಒಂದು ಗುರಿ ಚೌಕ. ಕವಲು ಬಂದಾಗ, ಯಾವ ಕಡೆ ಹೋದರೆ ಗುರಿಗೆ ನೇರ ಗೆರೆಯಲ್ಲಿ ಹತ್ತಿರವೋ ಆ ಕಡೆ ಹೋಗುತ್ತದೆ. ನಡುವೆ ಗೋಡೆ ಇದೆಯಾ ಅಂತ ಯೋಚಿಸುವುದಿಲ್ಲ. ತಾನಾಗಿ ಹಿಂದಕ್ಕೆ ತಿರುಗುವುದೂ ಇಲ್ಲ.

ಗುರಿ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಕೆಂಪು ಬ್ಲಿಂಕಿಯ ಗುರಿ ನೀವು ನಿಂತ ಚೌಕವೇ. ಗುಲಾಬಿ ಪಿಂಕಿಯದು ನಿಮ್ಮ ಮುಖದ ದಿಕ್ಕಿನಲ್ಲಿ ನಾಲ್ಕು ಚೌಕ ಮುಂದೆ. ಕಿತ್ತಳೆ ಬಣ್ಣದ ಕ್ಲೈಡ್ ಎಂಟು ಚೌಕಕ್ಕಿಂತ ದೂರ ಇದ್ದರೆ ನಿಮ್ಮ ಕಡೆ ಬರುತ್ತಾನೆ, ಹತ್ತಿರ ಬಂದ ಕೂಡಲೇ ಎಡ ಕೆಳಮೂಲೆಗೆ ಜಾಗ ಖಾಲಿ ಮಾಡುತ್ತಾನೆ. ತಿಳಿನೀಲಿ ಇಂಕಿಯ ಲೆಕ್ಕ ಸ್ವಲ್ಪ ವಕ್ರ. ನಿಮ್ಮ ಎರಡು ಚೌಕ ಮುಂದಿನ ಜಾಗಕ್ಕೆ ಬ್ಲಿಂಕಿಯಿಂದ ಒಂದು ಗೆರೆ ಎಳೆದು, ಆ ಗೆರೆಯನ್ನು ಅಷ್ಟೇ ಉದ್ದ ಮುಂದಕ್ಕೆ ಬೆಳೆಸಿದರೆ ಸಿಗುವ ಚೌಕ ಅವನ ಗುರಿ. ಹಾಗಾಗಿ ಬ್ಲಿಂಕಿ ನಿಮ್ಮ ಬೆನ್ನಿಗೆ ಹತ್ತಿರ ಇದ್ದಾಗ ಇಂಕಿಯೂ ಹತ್ತಿರ ಬರುತ್ತಾನೆ. ಬ್ಲಿಂಕಿ ದೂರ ಇದ್ದರೆ ಇಂಕಿ ಎಲ್ಲೆಲ್ಲೋ ಅಲೆಯುತ್ತಾನೆ. ಒಬ್ಬ ಹಿಂದಿನಿಂದ, ಒಬ್ಬಳು ಮುಂದಿನಿಂದ, ಇನ್ನೊಬ್ಬ ಪಕ್ಕದಿಂದ ಬಂದಾಗ ಬಲೆ ಬೀಸಿದ ಹಾಗೇ ಕಾಣುತ್ತದೆ, ಅಷ್ಟೆ.

ಪಿಂಕಿ ಯಾವಾಗಲೂ ಎದುರಿಗೇ ಬಂದು ನಿಲ್ತಾಳೆ. ಅವಳಿಂದ ತಪ್ಪಿಸ್ಕೊಳ್ಳೋದು ಹೇಗೆ?

ಅವಳ ಕಡೆಗೇ ನುಗ್ಗಿ. ತಮಾಷೆ ಅಲ್ಲ. ಅವಳ ಗುರಿ ನಿಮ್ಮ ಮುಂದಿನ ನಾಲ್ಕನೇ ಚೌಕ ಅಲ್ವಾ? ನೀವು ಅವಳಿಗೆ ನಾಲ್ಕು ಚೌಕಕ್ಕಿಂತ ಹತ್ತಿರ ಬಂದು ಅವಳತ್ತ ಮುಖ ಮಾಡಿದರೆ ಆ ಗುರಿ ಅವಳ ಬೆನ್ನ ಹಿಂದೆ ಬೀಳುತ್ತದೆ. ನಿಮ್ಮಿಬ್ಬರ ನಡುವೆ ಒಂದು ಕವಲು ಇದ್ದರೆ ಅವಳು ಪಕ್ಕಕ್ಕೆ ತಿರುಗಿ ಹೋಗಿಬಿಡುತ್ತಾಳೆ. ಕವಲು ಇಲ್ಲದ ಓಣಿಯಲ್ಲಿ ಮಾತ್ರ ಈ ಧೈರ್ಯ ಬೇಡ, ಹಿಂದೆ ತಿರುಗೋಕೆ ಅವಳಿಗೆ ಆಗುವುದಿಲ್ಲ, ನೇರ ಬಂದು ಗುದ್ದುತ್ತಾಳೆ. ಓಣಿಯಲ್ಲಿ ಒಂದೇ ಒಂದು ಕ್ಷಣ ಅವಳತ್ತ ಮುಖ ಮಾಡಿ ತಟ್ಟನೆ ಹಿಂದೆ ತಿರುಗುವುದೂ ಕೆಲಸ ಮಾಡುತ್ತದೆ. ಅವಳು ಕವಲಿನಲ್ಲಿ ಲೆಕ್ಕ ಹಾಕುವ ಆ ಕ್ಷಣಕ್ಕೆ ನಿಮ್ಮ ಮುಖ ಎತ್ತ ಇತ್ತು ಅನ್ನೋದಷ್ಟೇ ಮುಖ್ಯ.

ಇಲ್ಲಿ ಒಂದು ಪ್ರೋಗ್ರಾಮಿಂಗ್ ತಪ್ಪೂ ಉಳಿದುಕೊಂಡಿದೆ. ನೀವು ಮೇಲಕ್ಕೆ ಮುಖ ಮಾಡಿದ್ದಾಗ ಪಿಂಕಿಯ ಗುರಿ ನಾಲ್ಕು ಚೌಕ ಮೇಲೆ ಮಾತ್ರ ಅಲ್ಲ, ನಾಲ್ಕು ಚೌಕ ಎಡಕ್ಕೂ ಸರಿಯುತ್ತದೆ. ಇಂಕಿಯ ಲೆಕ್ಕದಲ್ಲೂ ಇದೇ ಥರ ಎರಡು ಚೌಕದ ಎಡವಟ್ಟು. ಮೇಲಕ್ಕೆ ಹೋಗುವಾಗ ಅವರಿಬ್ಬರು ಅಂದುಕೊಂಡದ್ದಕ್ಕಿಂತ ಎಡಕ್ಕೆ ಬಂದರೆ ಆಶ್ಚರ್ಯ ಬೇಡ.

ಇದ್ದಕ್ಕಿದ್ದಂತೆ ನಾಲ್ಕೂ ಹಿಂದೆ ತಿರುಗಿ ಹೋಗ್ತವೆ. ಅದೇನು?

ಅದು ಗಡಿಯಾರ. ದೆವ್ವಗಳು ಸ್ವಲ್ಪ ಹೊತ್ತು ಬೆನ್ನಟ್ಟುತ್ತವೆ, ಸ್ವಲ್ಪ ಹೊತ್ತು ತಮ್ಮ ತಮ್ಮ ಮೂಲೆಗೆ ಹೋಗಿ ಸುತ್ತುತ್ತವೆ. ಬ್ಲಿಂಕಿ ಬಲ ಮೇಲ್ಮೂಲೆ, ಪಿಂಕಿ ಎಡ ಮೇಲ್ಮೂಲೆ, ಇಂಕಿ ಬಲ ಕೆಳಮೂಲೆ, ಕ್ಲೈಡ್ ಎಡ ಕೆಳಮೂಲೆ. ಮೊದಲ ಲೆವೆಲ್‌ನಲ್ಲಿ 7 ಸೆಕೆಂಡ್ ಮೂಲೆ, 20 ಸೆಕೆಂಡ್ ಬೆನ್ನಟ್ಟು, ಮತ್ತೆ 7, 20, ಆಮೇಲೆ 5, 20, 5. ಅದಾದ ಮೇಲೆ ಬಿಡುವೇ ಇಲ್ಲ. ಒಂದರಿಂದ ಇನ್ನೊಂದಕ್ಕೆ ಬದಲಾಗುವಾಗ ಹೊರಗಿರುವ ದೆವ್ವಗಳು ತಟ್ಟನೆ ಹಿಂದೆ ತಿರುಗುತ್ತವೆ.

ಒಟ್ಟಿಗೆ ತಿರುಗಿದ್ದನ್ನು ಕಂಡ ಕೂಡಲೇ ಮನಸ್ಸಿನಲ್ಲಿ ಎಣಿಸಿ. ಮೂಲೆಗೆ ಹೊರಟವು ಅಂತಾದರೆ ಕಷ್ಟದ ಜಾಗದ ಚುಕ್ಕಿಗಳನ್ನು ಮುಗಿಸೋಕೆ ಐದರಿಂದ ಏಳು ಸೆಕೆಂಡ್ ಸಿಕ್ಕಿತು. ಸತ್ತು ಮತ್ತೆ ಹುಟ್ಟಿದಾಗ ಗಡಿಯಾರವೂ ಮೊದಲಿನಿಂದ ಶುರುವಾಗುತ್ತದೆ, ಅಷ್ಟಾದರೂ ಸಮಾಧಾನ.

ಪಕ್ಕದ ಸುರಂಗ ನಿಜವಾಗಲೂ ಉಪಯೋಗಕ್ಕೆ ಬರುತ್ತಾ?

ಬರುತ್ತದೆ. ತೆರೆಯ ಎಡ ಅಂಚಿನಲ್ಲಿ ಹೊಕ್ಕರೆ ಬಲ ಅಂಚಿನಲ್ಲಿ ಹೊರಬರುವ ಈ ಸುರಂಗದಲ್ಲಿ ದೆವ್ವಗಳ ವೇಗ ಅರ್ಧಕ್ಕೆ ಹತ್ತಿರ ಇಳಿಯುತ್ತದೆ, ನಿಮ್ಮದು ಇಳಿಯುವುದಿಲ್ಲ. ಆದರೆ ಆಚೆ ಬಾಯಲ್ಲಿ ಯಾರಾದರೂ ಕಾಯ್ತಾ ಇದ್ದಾರಾ ಅಂತ ಹೊಕ್ಕುವ ಮೊದಲೇ ನೋಡಿ.

ಲೆವೆಲ್ ಮುಗಿಯೋ ಹೊತ್ತಿಗೆ ಕೆಂಪು ದೆವ್ವ ಜಾಸ್ತಿ ಓಡುತ್ತೆ. ನನ್ನ ಭ್ರಮೆನಾ?

ಭ್ರಮೆ ಅಲ್ಲ. ಚುಕ್ಕಿಗಳು ಒಂದು ಸಂಖ್ಯೆಗೆ ಇಳಿದಾಗ ಬ್ಲಿಂಕಿಯ ವೇಗ ಏರುತ್ತದೆ, ಅದರ ಅರ್ಧಕ್ಕೆ ಇಳಿದಾಗ ಇನ್ನೂ ಏರುತ್ತದೆ. ಆಡುವವರು ಅವನ ಈ ಅವತಾರಕ್ಕೆ ‘ಕ್ರೂಸ್ ಎಲ್ರಾಯ್’ ಅನ್ನುತ್ತಾರೆ. ಮೊದಲ ಲೆವೆಲ್‌ನಲ್ಲಿ 20 ಚುಕ್ಕಿ ಉಳಿದಾಗ ಅವನು ನಿಮ್ಮ ಸಮಕ್ಕೆ ಬರುತ್ತಾನೆ, 10 ಉಳಿದಾಗ ನಿಮ್ಮನ್ನು ಮೀರುತ್ತಾನೆ. ಲೆವೆಲ್ ಏರಿದಂತೆ ಇದು ಇನ್ನೂ ಬೇಗ ಶುರುವಾಗುತ್ತದೆ. 19ನೇ ಲೆವೆಲ್‌ನಿಂದ ಮುಂದೆ 120 ಚುಕ್ಕಿ ಇರುವಾಗಲೇ, ಅಂದರೆ ಅರ್ಧ ಆಟದಲ್ಲೇ. ಸಾಲದ್ದಕ್ಕೆ, ಉಳಿದವರು ಮೂಲೆಗೆ ಹೋದರೂ ಇವನು ಬೆನ್ನು ಬಿಡುವುದಿಲ್ಲ. ಆದ್ದರಿಂದ ಕೊನೆಯ ಚುಕ್ಕಿಗಳನ್ನು ಅಲ್ಲೊಂದು ಇಲ್ಲೊಂದು ಉಳಿಸಬೇಡಿ. ಒಂದೇ ಕಡೆ ಸಾಲಾಗಿ ಇರಲಿ.

## ಸ್ಕೋರ್ ಏರಿಸುವುದು

ನಾಲ್ಕು ದೆವ್ವವನ್ನೂ ಒಂದೇ ಸಲಕ್ಕೆ ತಿನ್ನೋಕೆ ಆಗ್ತಾನೇ ಇಲ್ಲ. ಎರಡಾದ ಮೇಲೆ ಮಾಮೂಲಿ ಬಣ್ಣ ಬಂದುಬಿಡುತ್ತೆ.

ನೀವು ದೊಡ್ಡ ಚುಕ್ಕಿಯನ್ನು ಬೇಗ ತಿನ್ನುತ್ತಿದ್ದೀರಿ. ಹೆದರಿದಾಗ ತಿನ್ನುವುದಲ್ಲ, ಅವು ಗುಂಪಾದಾಗ ತಿನ್ನುವುದು. ದೊಡ್ಡ ಚುಕ್ಕಿಯ ಒಂದೆರಡು ಚೌಕ ಈಚೆಗೆ ನಿಂತು ಕಾಯಿರಿ. ಬೇಕಾದರೆ ಸಣ್ಣಗೆ ಹಿಂದೆ ಮುಂದೆ ಅಲ್ಲಾಡಿ. ಹತ್ತಿರದ ಓಣಿಗಳಲ್ಲಿ ಕನಿಷ್ಠ ಮೂರು ದೆವ್ವ ಕಂಡ ಮೇಲೆ ತಿನ್ನಿ. ತಿಂದ ಕ್ಷಣವೇ ಅವು ಹಿಂದೆ ತಿರುಗುತ್ತವೆ, ಅದಕ್ಕೇ ದೂರ ಇದ್ದದ್ದು ಇನ್ನೂ ದೂರ ಹೋಗುತ್ತದೆ. ಕ್ಲೈಡ್ ಹತ್ತಿರ ಬಂದ ಕೂಡಲೇ ಓಡುವವನು, ಅವನನ್ನು ಗುಂಪಿಗೆ ಸೇರಿಸುವುದೇ ದೊಡ್ಡ ತಲೆನೋವು. ಎಡ ಕೆಳಗಿನ ದೊಡ್ಡ ಚುಕ್ಕಿ ಅವನ ಮೂಲೆಯ ಕಡೆಯೇ ಇರುವುದರಿಂದ ಅಲ್ಲಿ ಅಭ್ಯಾಸ ಶುರು ಮಾಡಿ.

ಎರಡು ಎಚ್ಚರಿಕೆ. ನೀಲಿ ಇರುವಾಗಲೇ ಇನ್ನೊಂದು ದೊಡ್ಡ ಚುಕ್ಕಿ ತಿಂದರೆ ಎಣಿಕೆ ಮತ್ತೆ 200ಕ್ಕೆ ಬೀಳುತ್ತದೆ, 1,600 ಕೈತಪ್ಪುತ್ತದೆ. ಮತ್ತೆ, ತಿಂದ ದೆವ್ವದ ಕಣ್ಣು ತೆರೆಯ ನಡುವೆ ಇರುವ ಅವುಗಳ ಗೂಡಿಗೆ ಹೋಗಿ ಮಾಮೂಲಿ ಬಣ್ಣದಲ್ಲಿ ಹೊರಗೆ ಬರುತ್ತದೆ. ಉಳಿದವು ಇನ್ನೂ ನೀಲಿ ಇದ್ದಾಗಲೇ ಅದು ನಿಮ್ಮನ್ನು ಹಿಡಿಯಬಹುದು. ನಾನು ಹೀಗೆ ಸತ್ತಷ್ಟು ಬೇರೆ ಹೇಗೂ ಸತ್ತಿಲ್ಲ.

ಹಣ್ಣು ಯಾವಾಗ ಬರುತ್ತೆ ಅಂತ ಮೊದಲೇ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ದೊಡ್ಡದು ಚಿಕ್ಕದು ಸೇರಿ 70 ಚುಕ್ಕಿ ತಿಂದಾಗ ಒಮ್ಮೆ, 170 ತಿಂದಾಗ ಇನ್ನೊಮ್ಮೆ. ಗೂಡಿನ ಕೆಳಗೆ ಬಂದು, ಒಂಬತ್ತರಿಂದ ಹತ್ತು ಸೆಕೆಂಡ್ ಇದ್ದು ಮಾಯ. ಚೆರ್ರಿ 100, ಸ್ಟ್ರಾಬೆರ್ರಿ 300, ಮೂರು ಮತ್ತು ನಾಲ್ಕನೇ ಲೆವೆಲ್‌ನಲ್ಲಿ ಕಿತ್ತಳೆಯಂಥ ಹಣ್ಣು 500. ಆಮೇಲೆ ಎರಡೆರಡು ಲೆವೆಲ್‌ಗೆ ಒಂದರಂತೆ ಸೇಬು 700, ಅದರ ಮುಂದಿನದು 1,000, ನಾಮ್ಕೊದ್ದೇ ಇನ್ನೊಂದು ಆಟದಿಂದ ಬಂದ ಗ್ಯಾಲಕ್ಸಿಯನ್ ಹಡಗು 2,000, ಗಂಟೆ 3,000. 13ನೇ ಲೆವೆಲ್‌ನಿಂದ ಕೊನೆಯವರೆಗೂ ಬೀಗದ ಕೈ, ಒಂದಕ್ಕೆ 5,000.

ಚೆರ್ರಿಗಾಗಿ ಜೀವ ಕೊಡಬೇಡಿ, ಅದು ಹತ್ತು ಚುಕ್ಕಿಗೆ ಸಮ. ಬೀಗದ ಕೈ ಕಥೆ ಬೇರೆ. ಎರಡು ಬೀಗದ ಕೈಗಳಿಗೆ 10,000, ಲೆವೆಲ್‌ನ ಎಲ್ಲ ಚುಕ್ಕಿಗಳ ಹೆಚ್ಚುಕಡಿಮೆ ನಾಲ್ಕು ಪಟ್ಟು. 70ನೇ ಮತ್ತು 170ನೇ ಚುಕ್ಕಿಯನ್ನು ಗೂಡಿನ ಹತ್ತಿರವೇ ತಿನ್ನುವಂತೆ ದಾರಿ ಹಾಕಿಕೊಳ್ಳುವುದು ಅಲ್ಲಿಂದ ಮುಂದೆ ಮುಖ್ಯ ಕೆಲಸ.

ಮುಂದೆ ಹೋದಂತೆ ದೆವ್ವಗಳು ನೀಲಿ ಆಗೋದೇ ನಿಂತುಹೋಯ್ತು. ಆಟ ಕೆಟ್ಟಿದೆಯಾ?

ಕೆಟ್ಟಿಲ್ಲ. ನೀಲಿ ಸಮಯ ಮೊದಲ ಲೆವೆಲ್‌ನಲ್ಲಿ 6 ಸೆಕೆಂಡ್, ಆಮೇಲೆ 5, 4, 3, 2 ಅಂತ ಇಳಿಯುತ್ತದೆ. ಆರನೆಯದರಲ್ಲಿ ಮತ್ತೆ 5 ಸಿಗುತ್ತದೆ, ಹತ್ತರಲ್ಲೂ 5, 14ರಲ್ಲಿ 3. ಈ ಮೂರು ಲೆವೆಲ್‌ಗಳನ್ನು ನೆನಪಿಡಿ, ದೆವ್ವ ಬೇಟೆಗೆ ಅವು ಹಬ್ಬ. 17ರಲ್ಲಿ ನೀಲಿ ಆಗುವುದಿಲ್ಲ, 18ರಲ್ಲಿ ಒಂದು ಸೆಕೆಂಡ್, 19ರಿಂದ ಪೂರ್ತಿ ಬಂದ್. ಆದರೆ ದೊಡ್ಡ ಚುಕ್ಕಿ ತಿಂದಾಗ ಅವು ಹಿಂದೆ ತಿರುಗುವುದು ಮಾತ್ರ ಕೊನೆವರೆಗೂ ಇದೆ. ಅಟ್ಟಿಸಿಕೊಂಡು ಬಂದ ದೆವ್ವಕ್ಕೆ ಒಂದು ಸಲ ಯೂಟರ್ನ್ ಹೊಡೆಸುವ ಗುಂಡಿ ಅಂದುಕೊಂಡು ಉಳಿಸಿಕೊಳ್ಳಿ.

ಪ್ಯಾಟರ್ನ್ ಬಾಯಿಪಾಠ ಮಾಡೋದು ಮೋಸ ಅಲ್ವಾ?

ಪ್ಯಾಟರ್ನ್ ಅಂದರೆ ಲೆವೆಲ್ ಪೂರ್ತಿ ಯಾವ ದಾರಿಯಲ್ಲಿ ಓಡಬೇಕು ಅಂತ ಮೊದಲೇ ಗೊತ್ತುಮಾಡಿಕೊಂಡ ಓಟ. ಅದು ಮೋಸ ಅಂತ ನನಗನ್ನಿಸುವುದಿಲ್ಲ. ನೀಲಿಯಾದಾಗ ದೆವ್ವಗಳು ದಿಕ್ಕಾಪಾಲು ಓಡುವುದೂ ನಿಜವಾದ ಯಾದೃಚ್ಛಿಕ ಅಲ್ಲ. ಆ ಸಂಖ್ಯೆಗಳ ಸಾಲು ಪ್ರತಿ ಲೆವೆಲ್‌ಗೂ, ಪ್ರತಿ ಜೀವಕ್ಕೂ ಅದೇ ಜಾಗದಿಂದ ಶುರುವಾಗುತ್ತದೆ. ಹಾಗಾಗಿ ಒಂದೇ ದಾರಿಯನ್ನು ತಪ್ಪದೆ ಓಡಿದರೆ ಫಲ ಒಂದೇ. 21ನೇ ಲೆವೆಲ್‌ನಿಂದ ಆಟದ ವೇಗಗಳೂ ಬದಲಾಗುವುದಿಲ್ಲ. ಅಲ್ಲಿ ಪ್ಯಾಕ್‌ಮ್ಯಾನ್ ದೆವ್ವಗಳಿಗಿಂತ ನಿಧಾನ, ನೋಡಿ ನೋಡಿ ತಪ್ಪಿಸಿಕೊಳ್ಳುವುದು ಬಹಳ ಕಷ್ಟ. ಆದರೆ ಒಂದು ಪ್ಯಾಟರ್ನ್ ಕಲಿತರೆ ಮುಂದಿನ ಇನ್ನೂರಕ್ಕೂ ಹೆಚ್ಚು ಲೆವೆಲ್‌ಗೆ ಅದೇ ಸಾಕು.

ಆದರೆ ಪ್ಯಾಟರ್ನ್ ಮಧ್ಯೆ ಒಂದು ತಿರುವು ತಡವಾಯಿತು ಅಂದುಕೊಳ್ಳಿ. ಆಗ ಬಾಯಿಪಾಠ ಏನೂ ಮಾಡುವುದಿಲ್ಲ. ಮೇಲೆ ಹೇಳಿದ ಗುರಿ ಲೆಕ್ಕ ಗೊತ್ತಿದ್ದವರು ಮಾತ್ರ ಬದುಕಿ ಬರುತ್ತಾರೆ. ಅದಕ್ಕೇ ಮೊದಲು ದೆವ್ವ, ಆಮೇಲೆ ಪ್ಯಾಟರ್ನ್. ಅಂದಹಾಗೆ, ಇದನ್ನು ‘ಮಿಸ್ ಪ್ಯಾಕ್‌ಮ್ಯಾನ್’ನಲ್ಲಿ ಪ್ರಯತ್ನಿಸಬೇಡಿ. ಅಲ್ಲಿ ಶುರುವಿನಲ್ಲೇ ದೆವ್ವಗಳ ಓಟದಲ್ಲಿ ಏರುಪೇರು ಬೆರೆಸಿದ್ದಾರೆ.

## ಒಳಗುಟ್ಟು

ಒಂದು ಸಲ ದೆವ್ವದ ಮೈಯೊಳಗಿಂದಲೇ ದಾಟಿ ಹೋದೆ! ಯಾರೂ ನಂಬ್ತಿಲ್ಲ.

ನಾನು ನಂಬುತ್ತೇನೆ. ಇಬ್ಬರೂ ಒಂದೇ ಚೌಕದಲ್ಲಿ ಇದ್ದರೆ ಮಾತ್ರ ಹಿಡಿದ ಲೆಕ್ಕ. ಸರಿಯಾಗಿ ಒಂದೇ ಫ್ರೇಮ್‌ನಲ್ಲಿ ನೀವು ಅದರ ಚೌಕಕ್ಕೆ, ಅದು ನಿಮ್ಮ ಚೌಕಕ್ಕೆ ದಾಟಿದರೆ ಒಂದೇ ಚೌಕದಲ್ಲಿ ಇದ್ದದ್ದೇ ಇಲ್ಲ ಅಂತಾಗುತ್ತದೆ. ಬೇಕು ಅಂತ ಮಾಡೋಕೆ ಹೋಗಬೇಡಿ.

ಅಡಗಿ ಕೂತರೆ ದೆವ್ವಗಳು ಹುಡುಕೋಕೆ ಆಗದ ಜಾಗ ಇದೆಯಂತೆ, ಹೌದಾ?

ಇದೆ. ಈ ಚಕ್ರವ್ಯೂಹದಲ್ಲಿ ದೆವ್ವಗಳು ಮೇಲಕ್ಕೆ ತಿರುಗಲಾಗದ ನಾಲ್ಕು ಕವಲುಗಳಿವೆ. ಎರಡು ಗೂಡಿನ ಮೇಲೆ, ಎರಡು ನೀವು ಆಟ ಶುರು ಮಾಡುವ ಜಾಗದ ಅಕ್ಕಪಕ್ಕ. ನೀಲಿ ಇದ್ದಾಗ ಮಾತ್ರ ಈ ನಿಯಮ ಇಲ್ಲ. ಶುರುವಿನ ಜಾಗದಿಂದ ಬಲಕ್ಕೆ ಹೋಗಿ, ಅಲ್ಲಿಂದ ಮೇಲಕ್ಕೆ ಹತ್ತಿ, ಮೂಲೆಯಲ್ಲಿ ಮೇಲಕ್ಕೆ ಮುಖ ಮಾಡಿ ನಿಂತರೆ ಕೆಳಗಿನಿಂದ ಯಾರೂ ಬರೋಕಾಗುವುದಿಲ್ಲ. ದೆವ್ವಗಳು ಸುತ್ತಮುತ್ತ ಗಿರಕಿ ಹೊಡೆಯುತ್ತಾ ಇರುತ್ತವೆ. ಹೋಗುವಾಗ ಯಾವುದಾದರೂ ನೇರ ಬೆನ್ನಿಗಿದ್ದರೆ ಅಥವಾ ಬಲಗಡೆಯ ಓಣಿಯಿಂದ ಬರುತ್ತಿದ್ದರೆ ಮಾತ್ರ ಕಥೆ ಮುಗಿಯಿತು. ದೊಡ್ಡ ಸ್ಕೋರ್ ಆಡುವವರು ನೀರು ಕುಡಿಯೋಕೆ, ಕೈ ಒದರಿಕೊಳ್ಳೋಕೆ ಇದನ್ನು ಬಳಸುತ್ತಾರೆ.

256ನೇ ಲೆವೆಲ್‌ನಲ್ಲಿ ಅರ್ಧ ತೆರೆ ಹಾಳಾಗುತ್ತೆ ಅಂತಾರೆ. ಯಾಕೆ?

ಲೆವೆಲ್ ಎಣಿಸುವ ಜಾಗಕ್ಕೆ ಕೊಟ್ಟದ್ದು 8 ಬಿಟ್. ಅದರಲ್ಲಿ ಹಿಡಿಸುವುದು 0ಯಿಂದ 255ರವರೆಗೆ. ಅದಕ್ಕೂ ಮುಂದೆ ಹೋದರೆ ಎಣಿಕೆ ಸೊನ್ನೆಗೆ ಮರಳುತ್ತದೆ. ತೆರೆಯ ಕೆಳಗೆ ಹಣ್ಣುಗಳ ಸಾಲು ಬರೆಯುವ ಭಾಗ ಇದರಿಂದ ಗಲಿಬಿಲಿಗೊಂಡು ಏಳು ಹಣ್ಣಿನ ಬದಲು 256 ಬರೆಯೋಕೆ ಹೊರಡುತ್ತದೆ. ಅಷ್ಟು ಹಣ್ಣುಗಳ ಚಿತ್ರ ಎಲ್ಲಿಂದ ತರಬೇಕು? ಮೆಮೊರಿಯಲ್ಲಿ ಸಿಕ್ಕಿದ್ದನ್ನೆಲ್ಲ ಎಳೆದು ತಂದು ಬಲಗಡೆಯ ಅರ್ಧ ತೆರೆಗೆ ಎರಚುತ್ತದೆ. ಲೆವೆಲ್ ಮುಗಿಯೋಕೆ ತಿನ್ನಬೇಕಾದ 244 ಚುಕ್ಕಿಗಳು ಅಲ್ಲಿ ಉಳಿದಿರುವುದಿಲ್ಲ, ಹಾಗಾಗಿ ಮುಗಿಸೋಕೆ ಆಗುವುದೇ ಇಲ್ಲ. ಆಟ ಅಲ್ಲಿಗೆ ನಿಂತಿತು.

ಗರಿಷ್ಠ ಸ್ಕೋರ್ 33,33,360 ಅಂತೆ. ಅಷ್ಟು ನಿಖರವಾಗಿ ಹೇಗೆ ಹೇಳ್ತಾರೆ?

ಕೂಡಿಸಿ ನೋಡಿದರೆ ಸಿಗುತ್ತದೆ. 255 ಲೆವೆಲ್‌ನ ಚುಕ್ಕಿಗಳು, ಒಂದಕ್ಕೆ 2,600ರಂತೆ 6,63,000. ದೆವ್ವಗಳು ನೀಲಿಯಾಗುವುದು 17 ಲೆವೆಲ್‌ಗಳಲ್ಲಿ, 12,000ದಂತೆ 2,04,000. ಮೊದಲ 12 ಲೆವೆಲ್‌ನ ಹಣ್ಣುಗಳಿಂದ 29,600. ಅಲ್ಲಿಂದ 255ರವರೆಗೆ ಬೀಗದ ಕೈಗಳಿಂದಲೇ 24,30,000. ಇಷ್ಟಕ್ಕೆ 33,26,600. ಒಟ್ಟು ಸ್ಕೋರ್‌ನ ಮುಕ್ಕಾಲು ಪಾಲಿಗೆ ಹತ್ತಿರ ಬೀಗದ ಕೈಗಳೇ, ಗಮನಿಸಿದಿರಾ?

ಉಳಿದ 6,760 ಬರುವುದು ಆ ಹಾಳಾದ 256ರಿಂದ. ಎಡಗಡೆ ಚೆನ್ನಾಗಿರುವ ಅರ್ಧದಲ್ಲಿ 112 ಸಣ್ಣ ಚುಕ್ಕಿ, 2 ದೊಡ್ಡ ಚುಕ್ಕಿ, ಸೇರಿ 1,220. ಒಂದು ಬೀಗದ ಕೈ, 5,000. ಎರಡನೆಯದು ಬರುವಷ್ಟು ಚುಕ್ಕಿಗಳು ಅಲ್ಲಿಲ್ಲ. ಬಲಗಡೆಯ ಕಸದೊಳಗೆ ಕಣ್ಣಿಗೆ ಸರಿಯಾಗಿ ಕಾಣದ 9 ಚುಕ್ಕಿಗಳಿವೆ, 90 ಪಾಯಿಂಟ್. ಇವು ಮಾತ್ರ ಒಂದು ಜೀವ ಕಳೆದಾಗ ಮತ್ತೆ ಹುಟ್ಟಿಕೊಳ್ಳುತ್ತವೆ. ಐದು ಜೀವದ ಸೆಟ್ಟಿಂಗ್, ಜೊತೆಗೆ 10,000ಕ್ಕೆ ಸಿಕ್ಕ ಒಂದು. ಆರೂ ಜೀವಗಳನ್ನು ಅಲ್ಲಿಯವರೆಗೆ ಉಳಿಸಿಕೊಂಡು ಬಂದರೆ ಆರು ಸಲ ತಿನ್ನಬಹುದು, 540. ಅಂದರೆ 255 ಲೆವೆಲ್ ಒಮ್ಮೆಯೂ ಸಾಯದೆ ಆಡಿ, ಕೊನೆಗೆ 90 ಪಾಯಿಂಟ್‌ಗಾಗಿ ಒಂದೊಂದೇ ಜೀವವನ್ನು ಬೇಕಂತಲೇ ದೆವ್ವದ ಬಾಯಿಗೆ ಕೊಡುತ್ತಾ ಹೋಗಬೇಕು.